ಲಾಗ್ ಪ್ರೆಸ್, ಆಕ್ಸಲ್ ಪ್ರೆಸ್: ಎರಡನ್ನೂ ಕಲಿಯಲು, ತೂಗಿ ನೋಡಲು ಒಂದು ಸಮಗ್ರ ಮಾರ್ಗದರ್ಶಿ

ಬಗೆಬಗೆಯ ಭಾರ ಎತ್ತಿ ಬಲ ಪರೀಕ್ಷಿಸುವ ಸ್ಟ್ರಾಂಗ್‌ಮನ್ ಸ್ಪರ್ಧೆಯಲ್ಲಿ ಭಾರವನ್ನು ತಲೆಯ ಮೇಲಕ್ಕೆ ಎತ್ತುವ ಸುತ್ತು ಬಂತೆಂದರೆ ಕಣದಲ್ಲಿ ಹೆಚ್ಚಾಗಿ ಕಾಣುವುದು ಎರಡು ಉಪಕರಣ. ಒಂದು ಲಾಗ್: ಒಳಗೆ ಹಿಡಿಗಳನ್ನು ಕೂರಿಸಿದ ದಪ್ಪ ದಿಮ್ಮಿ. ಇನ್ನೊಂದು ಆಕ್ಸಲ್: ಸಾಮಾನ್ಯ ಬಾರ್‌ಬೆಲ್‌ಗಿಂತ ಎರಡು ಪಟ್ಟಿನ ಹತ್ತಿರ ದಪ್ಪವಿರುವ ನೇರ ಸರಳು. ಎರಡರ ಕೊನೆಯೂ ಒಂದೇ. ಮೊಣಕೈ ನೇರ, ಮಂಡಿ ನೇರ, ಭಾರ ತಲೆಯ ಮೇಲೆ ಅಲುಗದೆ ನಿಂತಿರಬೇಕು. ಕೊನೆ ಒಂದೇ ಆದ್ದರಿಂದ ಇವು ಒಂದೇ ವ್ಯಾಯಾಮದ ಎರಡು ವೇಷ ಎಂದು ತಿಳಿದು, ಯಾವುದು ಕೈಗೆ ಸಿಕ್ಕಿತೋ ಅದನ್ನೇ ಎತ್ತುತ್ತಾ ಹೋಗುವವರು ಬಹಳ ಮಂದಿ.

ನನ್ನ ಲೆಕ್ಕ ಬೇರೆ. ಲಾಗ್ ಕೈಕೊಡುವುದು ಬಹುತೇಕ ಎದೆಯಿಂದ ಮೇಲೆ. ಆಕ್ಸಲ್ ಕೈಕೊಡುವುದು ನೆಲದಿಂದ ಎದೆಗೆ ಬರುವಷ್ಟರಲ್ಲಿ. ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಯಾವುದನ್ನು ಮೊದಲು ಕಲಿಯಬೇಕು, ಎಷ್ಟು ತೂಕ ಹಾಕಬೇಕು, ಪಕ್ಕದಲ್ಲಿ ಯಾವ ಪೂರಕ ವ್ಯಾಯಾಮ ಮಾಡಬೇಕು ಎಂಬ ಪ್ರಶ್ನೆಗಳೆಲ್ಲ ಸುಲಭವಾಗುತ್ತವೆ. ಈ ಮಾರ್ಗದರ್ಶಿ ಆ ವ್ಯತ್ಯಾಸದ ಸುತ್ತಲೇ ಸಾಗುತ್ತದೆ.

ಉಪಕರಣಗಳ ಪರಿಚಯ

ಸ್ಪರ್ಧೆಯ ಲಾಗ್ ಈಗ ಹೆಚ್ಚಾಗಿ ಉಕ್ಕಿನ ಕೊಳವೆಯದು. ಮರದ್ದೂ ಇವೆ. ವ್ಯಾಸ ಸಾಮಾನ್ಯವಾಗಿ 20ರಿಂದ 32 ಸೆಂ.ಮೀ. ಇರುತ್ತದೆ. ಲಾಗ್‌ನ ನಡುಭಾಗದಲ್ಲಿ ಎರಡು ಕಿಂಡಿಗಳನ್ನು ಕೊರೆದು ಒಳಗೆ ಹಿಡಿಗಳನ್ನು ಬೆಸೆದಿರುತ್ತಾರೆ. ಹಿಡಿದಾಗ ಅಂಗೈಗಳು ಒಂದಕ್ಕೊಂದು ಎದುರಾಗಿರುತ್ತವೆ. ತೂಕದ ತಟ್ಟೆಗಳನ್ನು ತುದಿಗಳಲ್ಲಿ ಸೇರಿಸಬಹುದು, ಆದರೆ ಖಾಲಿ ಲಾಗ್‌ನದೇ ಗಣನೀಯ ತೂಕ. ಸಣ್ಣವು 30 ಕೆ.ಜಿ. ಆಸುಪಾಸಿನಲ್ಲಿ ಸಿಗುತ್ತವೆ, ದೊಡ್ಡವು ಅದರ ಎರಡು ಮೂರು ಪಟ್ಟು ತೂಗುತ್ತವೆ. ಹೊಸಬರಿಗೆ 20ರಿಂದ 25 ಸೆಂ.ಮೀ. ವ್ಯಾಸದ ಲಾಗ್ ಸಾಕು. ವ್ಯಾಸ ಹೆಚ್ಚಿದಷ್ಟೂ ಭಾರದ ಕೇಂದ್ರ ನಿಮ್ಮ ಎದೆಯಿಂದ ಮುಂದಕ್ಕೆ ಸರಿಯುತ್ತದೆ. 30 ಸೆಂ.ಮೀ. ಲಾಗ್ ಎದೆಯ ಮೇಲೆ ಕೂತಾಗ ಅದರ ನಡುಬಿಂದು ಎದೆಯಿಂದ 15 ಸೆಂ.ಮೀ. ಆಚೆ ಇರುತ್ತದೆ. ಲಾಗ್‌ನ ಕಷ್ಟವೆಲ್ಲ ಈ 15 ಸೆಂ.ಮೀ.ನಲ್ಲಿ ಅಡಗಿದೆ.

ಆಕ್ಸಲ್‌ನಲ್ಲಿ ಅಂಥ ಗೋಜಲಿಲ್ಲ. ಸುಮಾರು 50 ಮಿ.ಮೀ. ದಪ್ಪದ ಸರಳು, ಅಷ್ಟೇ. ಒಲಿಂಪಿಕ್ ಬಾರ್‌ನ ದಪ್ಪ 28 ಮಿ.ಮೀ. ಕಟ್ಟಡ ಕೆಲಸದ ಸಾರುವೆಗೆ ಬಳಸುವ ಉಕ್ಕಿನ ಕೊಳವೆಯ ಹೊರವ್ಯಾಸ 48.3 ಮಿ.ಮೀ. ಇರುವುದರಿಂದ ಅನೇಕರು ಮನೆಯಲ್ಲೇ ಆಕ್ಸಲ್ ಮಾಡಿಕೊಳ್ಳುತ್ತಾರೆ. ಕೊಳವೆಯ ಗೋಡೆ ತೆಳುವಾಗಿದ್ದರೆ, ತುಕ್ಕು ಹಿಡಿದಿದ್ದರೆ, ಅದನ್ನು ತಲೆಯ ಮೇಲೆತ್ತಲು ಬಳಸಬೇಡಿ. ತಟ್ಟೆಗಳನ್ನು ತಡೆಯುವ ಕಾಲರ್‌ಗಳು ಬಿಗಿಯಾಗಿ ಕಚ್ಚಿಕೊಳ್ಳುವಂತಿರಲಿ.

ದಪ್ಪಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನು ಹೊಸಬರು ಗಮನಿಸುವುದೇ ಇಲ್ಲ. ಒಲಿಂಪಿಕ್ ಬಾರ್‌ನ ತುದಿಗಳು ಬೇರಿಂಗ್ ಅಥವಾ ಬುಷಿಂಗ್ ಮೇಲೆ ತಿರುಗುತ್ತವೆ. ನೀವು ಮಣಿಕಟ್ಟನ್ನು ತಿರುಗಿಸಿ ಬಾರನ್ನು ಭುಜಕ್ಕೆ ತಂದಾಗ ತಟ್ಟೆಗಳು ತಮ್ಮ ಪಾಡಿಗೆ ಇರುತ್ತವೆ, ಸರಳು ಮಾತ್ರ ತಿರುಗುತ್ತದೆ. ಆಕ್ಸಲ್‌ನ ತುದಿಗಳು ತಿರುಗುವುದಿಲ್ಲ. ಸರಳಿನ ಜೊತೆ ಬಿಗಿಯಾದ ತಟ್ಟೆಗಳನ್ನೂ ತಿರುಗಿಸಬೇಕು. ತಟ್ಟೆ ದೊಡ್ಡದಾದಷ್ಟೂ ಅದು ತಿರುಗಲು ಒಪ್ಪದೆ ನಿಮ್ಮ ಬೆರಳುಗಳನ್ನು ಬಿಡಿಸುತ್ತದೆ.

ಈ ತೊಡಕಿಗೆ ಸಾಕ್ಷಿ ಬೇಕಿದ್ದರೆ ಅಪೊಲೊನ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಫ್ರಾನ್ಸಿನ ಬಲಶಾಲಿ ಲೂಯಿ ಉನಿಯ ರೈಲುಗಾಲಿಗಳನ್ನು ನೆನೆಯಬೇಕು. 166 ಕೆ.ಜಿ. ತೂಗುತ್ತಿದ್ದ, ಸುಮಾರು 49 ಮಿ.ಮೀ. ದಪ್ಪದ ಆ ಅಚ್ಚನ್ನು ನೆಲದಿಂದ ತಲೆಯ ಮೇಲಕ್ಕೆ ಎತ್ತಿದವರೆಂದು ದಶಕಗಳ ಕಾಲ ಹೆಸರಾಗಿದ್ದವರು ಮೂವರು: 1930ರಲ್ಲಿ ಶಾರ್ಲ್ ರಿಗುಲೊ, 1949ರಲ್ಲಿ ಜಾನ್ ಡೇವಿಸ್, 1954ರಲ್ಲಿ ನಾರ್ಬರ್ಟ್ ಶೆಮಾನ್ಸ್ಕಿ. ಮೂವರೂ ಒಲಿಂಪಿಕ್ ಚಿನ್ನದ ಪದಕ ಗೆದ್ದ ಭಾರ ಎತ್ತುವವರು. ಅಷ್ಟು ತೂಕವನ್ನು ಎದೆಯಿಂದ ಮೇಲಕ್ಕೆ ಒಯ್ಯುವುದು ಅವರಿಗೆ ದೊಡ್ಡ ಮಾತಾಗಿರಲಿಲ್ಲ, ಎದೆಗೆ ತರುವುದೇ ದೊಡ್ಡ ಮಾತು. ಡೇವಿಸ್ ಒಂದು ಅಂಗೈಯನ್ನು ಹೊರಮುಖವಾಗಿಟ್ಟು ಎಳೆದು, ಅಚ್ಚು ಗಾಳಿಯಲ್ಲಿರುವಾಗಲೇ ಆ ಕೈಯನ್ನು ಬಿಡಿಸಿ ತಿರುಗಿಸಿ ಹಿಡಿದರೆಂಬ ವೃತ್ತಾಂತ ಈ ವಲಯದಲ್ಲಿ ಇಂದಿಗೂ ಓಡಾಡುತ್ತದೆ. ದಯವಿಟ್ಟು ನೀವು ಅದನ್ನು ಮಾಡಲು ಹೋಗಬೇಡಿ. ಅದಕ್ಕಿಂತ ಸುರಕ್ಷಿತವಾದ ದಾರಿಯನ್ನು ಮುಂದೆ ವಿವರಿಸಿದ್ದೇನೆ.

ದೇಹದ ಮೇಲೆ ಬೀಳುವ ಹೊರೆ

ಲಾಗ್ ಹಿಡಿದಾಗ ಅಂಗೈಗಳು ಎದುರುಬದುರಾಗಿರುವುದರಿಂದ ಮೊಣಕೈ ಮುಂದಕ್ಕಿರುತ್ತದೆ, ಪಕ್ಕಕ್ಕೆ ಚಾಚಿಕೊಳ್ಳುವುದಿಲ್ಲ. ಬಾರ್‌ಬೆಲ್ ಎತ್ತುವಾಗ ಭುಜ ಚುಚ್ಚುತ್ತದೆ ಎನ್ನುವವರಲ್ಲಿ ಕೆಲವರಿಗೆ ಈ ಹಿಡಿತ ಹಿತವಾಗುತ್ತದೆ. ಭುಜದ ಮುಂಭಾಗ ಮತ್ತು ತೋಳಿನ ಹಿಂಭಾಗದ ಟ್ರೈಸೆಪ್ಸ್ ದುಡಿಯುತ್ತವೆ. ಆದರೆ ಭಾರ ಮುಂದಕ್ಕೆ ಎಳೆಯುತ್ತಲೇ ಇರುವುದರಿಂದ ಅದನ್ನು ತಡೆದು ನಿಲ್ಲಿಸುವ ಬೆನ್ನಿನ ಮೇಲ್ಭಾಗಕ್ಕೂ ಹೊಟ್ಟೆಗೂ ಕಡಿಮೆ ಕೆಲಸವಿಲ್ಲ. ಬೆನ್ನಿನ ಮೇಲ್ಭಾಗ ಹಿಂದಕ್ಕೆ ಬಾಗದವರು ಆ ಬಾಗನ್ನು ಸೊಂಟದಿಂದ ಕಡ ತರುತ್ತಾರೆ. ಲಾಗ್ ಎತ್ತಿದ ಮರುದಿನ ಕೆಳಬೆನ್ನು ಹಿಡಿದುಕೊಂಡರೆ ಕಾರಣ ಹೆಚ್ಚಾಗಿ ಇದೇ.

ಆಕ್ಸಲ್‌ನಲ್ಲಿ ಅಂಗೈ ಮುಂದಕ್ಕೆ ತಿರುಗಿರುತ್ತದೆ, ಸರಳು ದೇಹಕ್ಕೆ ಹತ್ತಿರವಿರುತ್ತದೆ. ಎದೆಯಿಂದ ಮೇಲಿನ ದಾರಿ ಬಾರ್‌ಬೆಲ್‌ನದೇ. ದಪ್ಪ ಸರಳು ಅಂಗೈಯ ಅಗಲಕ್ಕೆ ಹರಡಿ ಕೂರುವುದರಿಂದ ಒತ್ತುವಾಗ (ಎದೆಯಿಂದ ತಲೆಯ ಮೇಲಕ್ಕೆ ತಳ್ಳುವಾಗ) ಮಣಿಕಟ್ಟಿಗೆ ನೆಮ್ಮದಿ ಎಂದು ಹೇಳುವವರು ಅನೇಕರಿದ್ದಾರೆ, ನಾನೂ ಅವರ ಸಾಲಿನವನು. ನೆಲದಿಂದ ಎಳೆಯುವಾಗ ಮಾತ್ರ ಅದೇ ದಪ್ಪ ಶತ್ರುವಾಗುತ್ತದೆ. ಬೆರಳುಗಳು ಸುತ್ತಿಕೊಳ್ಳುವುದಿಲ್ಲ, ಹೆಬ್ಬೆರಳು ಬೆರಳುಗಳನ್ನು ಮುಟ್ಟುವುದಿಲ್ಲ, ಮುಂಗೈ ಉರಿಯತೊಡಗುತ್ತದೆ.

ಮೊದಲು ಯಾವುದು?

ಲಾಗ್. ಹೆಚ್ಚಿನವರಿಗೆ ಇದರಲ್ಲಿ ಎರಡನೆಯ ಮಾತಿಲ್ಲ. ಅದನ್ನು ಎದೆಗೆ ತರುವ ಕ್ರಮವನ್ನು ಹಗುರ ತೂಕದಲ್ಲಿ ಕೆಲವೇ ವಾರಗಳಲ್ಲಿ ಕಲಿಯಬಹುದು, ತಪ್ಪಿದರೆ ಮುಂದಕ್ಕೆ ಬಿಟ್ಟುಬಿಡಬಹುದು. ಆಕ್ಸಲನ್ನು ಆ ಅವಧಿಯಲ್ಲಿ ಸ್ಟ್ಯಾಂಡ್‌ನಿಂದ (ಭಾರವನ್ನು ಎದೆಯ ಎತ್ತರದಲ್ಲಿ ಹೊತ್ತು ನಿಲ್ಲುವ ಚೌಕಟ್ಟು) ತೆಗೆದು ಒತ್ತಲು ಮಾತ್ರ ಬಳಸಿ. ವೇಟ್‌ಲಿಫ್ಟಿಂಗ್ ಹಿನ್ನೆಲೆಯಿಂದ ಬಂದವರದು ಮಾತ್ರ ಬೇರೆ ವಿಷಯ. ಬಾರನ್ನು ಎದೆಗೆ ಎಳೆಯುವುದು ಅವರಿಗೆ ರೂಢಿಯಾಗಿರುವುದರಿಂದ ಅವರು ಎರಡನ್ನೂ ಜೊತೆಯಲ್ಲೇ ಶುರುಮಾಡಬಹುದು.

ಎರಡಕ್ಕೂ ಕೈಹಾಕುವ ಮುನ್ನ ಒಂದು ಪರೀಕ್ಷೆ ಮಾಡಿಕೊಳ್ಳಿ. ಗೋಡೆಗೆ ಬೆನ್ನು ಆನಿಸಿ ನಿಂತು, ಕೆಳಬೆನ್ನು ಗೋಡೆಯಿಂದ ದೂರ ಸರಿಯದಂತೆ, ನೇರ ತೋಳುಗಳನ್ನು ಕಿವಿಯ ಪಕ್ಕಕ್ಕೆ ತನ್ನಿ. ಬಾರದಿದ್ದರೆ ತಿಂಗಳೊಂದನ್ನು ಭುಜ ಮತ್ತು ಬೆನ್ನಿನ ಮೇಲ್ಭಾಗದ ಚಲನೆಗೆ ಮೀಸಲಿಡಿ. ಡೆಡ್‌ಲಿಫ್ಟ್ (ಭಾರವನ್ನು ನೆಲದಿಂದ ಎತ್ತಿ ನೇರ ನಿಲ್ಲುವುದು) ಮತ್ತು ಫ್ರಂಟ್ ಸ್ಕ್ವಾಟ್ (ಭಾರವನ್ನು ಭುಜದ ಮುಂಭಾಗದಲ್ಲಿಟ್ಟು ಕುಳಿತು ಏಳುವುದು) ಸರಿಯಾಗಿ ಬಾರದವರೂ ಅವನ್ನೇ ಮೊದಲು ಕಲಿಯಲಿ. ಭುಜ, ಬೆನ್ನು, ರಕ್ತದೊತ್ತಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಉಸಿರು ಕಟ್ಟಿ ಭಾರ ಎತ್ತಬಾರದು.

ಲಾಗ್ ಎತ್ತುವ ಕ್ರಮ

ಹಂತ 1: ನಿಲುವು. ಪಾದಗಳು ಸೊಂಟದಗಲ, ಲಾಗ್ ಮೊಣಕಾಲಿನ ಕೆಳಗೆ ಕಾಲಿಗೆ ತಾಗುವಷ್ಟು ಹತ್ತಿರ. ಹಿಡಿಗಳ ನಡುಭಾಗವನ್ನು ಹಿಡಿಯಿರಿ. ತುದಿಗೆ ಹಿಡಿದರೆ ಎತ್ತುವಾಗ ಲಾಗ್ ವಾಲುತ್ತದೆ. ಬೆನ್ನು ನೇರ, ಎದೆ ಮುಂದೆ.

ಹಂತ 2: ತೊಡೆಗೆ. ಡೆಡ್‌ಲಿಫ್ಟ್‌ನಂತೆ ಎದ್ದು, ಲಾಗ್ ಮಂಡಿ ದಾಟಿದ ಕೂಡಲೇ ಮೊಣಕೈಗಳನ್ನು ಹಿಂದಕ್ಕೆಳೆದು ಅದನ್ನು ಹೊಟ್ಟೆಗೆ ಒತ್ತಿಕೊಳ್ಳಿ. ಅದೇ ಉಸಿರಿನಲ್ಲಿ ಕುಳಿತು ಲಾಗನ್ನು ತೊಡೆಯ ಮೇಲೆ ಇಳಿಸಿ. ಲಾಗ್ ಮಂಡಿಯ ಕಡೆಗೆ ಜಾರಲು ನೋಡುತ್ತದೆ, ತೋಳಿನಿಂದ ತಬ್ಬಿಕೊಂಡಂತೆ ಬಿಗಿಹಿಡಿಯಿರಿ. ಹಗುರ ತೂಕವನ್ನು ಈ ಹಂತವಿಲ್ಲದೆ ನೇರವಾಗಿ ಎದೆಗೆ ಎಳೆಯಬಹುದು. ಆದರೂ ಮೊದಲ ದಿನದಿಂದಲೇ ತೊಡೆಯ ಹಂತವನ್ನು ರೂಢಿಸಿಕೊಳ್ಳಿ. ತೂಕ ಏರಿದಾಗ ಹೊಸದಾಗಿ ಕಲಿಯಲು ಕೂರುವುದು ಕಷ್ಟ.

ಹಂತ 3: ಉರುಳಿಸುವುದು. ಇಡೀ ಎತ್ತುವಿಕೆಯಲ್ಲಿ ಅತ್ಯಂತ ತಪ್ಪಾಗಿ ಅರ್ಥವಾಗುವ ಭಾಗ ಇದು. ಲಾಗನ್ನು ತೋಳಿನಿಂದ ಎತ್ತುವುದಿಲ್ಲ, ದೇಹದ ಮೇಲೆ ಉರುಳಿಸುವುದು. ತೊಡೆಯ ಮೇಲೆ ಕೂತಾಗ ಮೊಣಕೈಗಳನ್ನು ಲಾಗ್‌ನ ಮೇಲಕ್ಕೆ ಎತ್ತರಿಸಿ, ಎದೆಯನ್ನು ಅದರ ಮೇಲೆ ಇಟ್ಟುಕೊಳ್ಳಿ. ಈಗ ಕಾಲುಗಳಿಂದ ಜೋರಾಗಿ ಏಳುತ್ತಾ ಸೊಂಟವನ್ನು ಮುಂದಕ್ಕೆ ತಳ್ಳಿ. ಲಾಗ್ ಹೊಟ್ಟೆಯ ಮೇಲಿನಿಂದ ಎದೆಯ ಕಡೆಗೆ ಉರುಳತೊಡಗುತ್ತದೆ. ಆ ಗತಿಯ ಜೊತೆಗೇ ಮೊಣಕೈಗಳನ್ನು ಚಕ್ಕನೆ ಕೆಳಗಿನಿಂದ ಮುಂದಕ್ಕೆ ತನ್ನಿ. ಲಾಗ್ ಮತ್ತು ಅಂಗಿಯ ನಡುವೆ ಒಂದು ಕ್ಷಣವೂ ಅಂತರ ಇರಬಾರದು. ಅಂತರ ಬಿಟ್ಟರೆ ಲಾಗ್ ದೂರದಲ್ಲಿ ಕಮಾನಾಗಿ ಬಂದು ಎದೆಗೆ ಅಪ್ಪಳಿಸುತ್ತದೆ, ನೀವು ಹಿಂದಕ್ಕೆ ತೂರಾಡುತ್ತೀರಿ.

ಹಂತ 4: ಎದೆಯ ಮೇಲೆ ನೆಲೆ. ಲಾಗ್ ಕೂರಬೇಕಾದ್ದು ಎದೆಯ ಮೇಲ್ಭಾಗದ ಮೇಲೆ, ತೋಳಿನ ಮೇಲಲ್ಲ. ಮೊಣಕೈ ಮುಂದಕ್ಕೂ ತುಸು ಮೇಲಕ್ಕೂ ಇರಲಿ. ಗದ್ದ ಮೇಲೆ, ನೋಟ ಎದುರುಗೋಡೆಯ ಮೇಲ್ಭಾಗದಲ್ಲಿ. ಬೆನ್ನಿನ ಮೇಲ್ಭಾಗ ಮಾತ್ರ ಹಿಂದಕ್ಕೆ ಬಾಗಲಿ, ಪೃಷ್ಠದ ಸ್ನಾಯುಗಳನ್ನು ಬಿಗಿಹಿಡಿದರೆ ಸೊಂಟ ಬಾಗುವುದು ತಪ್ಪುತ್ತದೆ. ಇಲ್ಲಿ ಒಂದು ಅಪಾಯವಿದೆ. ಲಾಗ್ ಕತ್ತಿಗೆ ಒತ್ತಿಕೊಂಡು ನಿಂತರೆ ತಲೆ ಸುತ್ತಬಹುದು, ಕಣ್ಣು ಕತ್ತಲೆಗಟ್ಟಬಹುದು. ಉಸಿರು ಕಟ್ಟಿದ್ದರೆ ಅದು ಇನ್ನೂ ಬೇಗ ಆಗುತ್ತದೆ. ಎದೆಯ ಮೇಲೆ ಲಾಗ್ ಬಂದ ಮೇಲೆ ಒಂದು ಉಸಿರು ಬಿಟ್ಟು ಹೊಸ ಉಸಿರು ತೆಗೆದುಕೊಳ್ಳಿ, ಅಲ್ಲಿ ನಿಂತು ಯೋಚಿಸುತ್ತಾ ಕೂರಬೇಡಿ. ತಲೆ ಹಗುರವಾದಂತೆ ಅನಿಸಿದರೆ ಕೂಡಲೇ ಮುಂದಕ್ಕೆ ಕೆಡವಿ ಹಿಂದೆ ಸರಿಯಿರಿ.

ಹಂತ 5: ಇಳಿದು ಏಳುವುದು. ಮಂಡಿಗಳನ್ನು ಬಗ್ಗಿಸಿ 10ರಿಂದ 15 ಸೆಂ.ಮೀ. ನೇರ ಕೆಳಗೆ ಇಳಿಯಿರಿ. ಹಿಮ್ಮಡಿ ನೆಲ ಬಿಡಬಾರದು, ಎದೆ ಮುಂದಕ್ಕೆ ವಾಲಬಾರದು. ವಾಲಿದರೆ ಮೊದಲೇ ಮುಂದಿರುವ ಭಾರ ಇನ್ನಷ್ಟು ಮುಂದಕ್ಕೆ ಹೋಗಿ, ನೀವು ಅದರ ಹಿಂದೆ ಓಡಬೇಕಾಗುತ್ತದೆ. ಇಳಿದ ವೇಗದಲ್ಲೇ ತಿರುಗಿ ಕಾಲಿನಿಂದ ಮೇಲಕ್ಕೆ ತಳ್ಳಿ.

ಹಂತ 6: ಮುಗಿಸುವುದು. ಲಾಗ್ ಮುಖದ ಮುಂದೆ ಹಾದುಹೋಗುವಾಗ ತಲೆ ಹಿಂದಿರಬೇಕು. ಹಣೆ ದಾಟಿದ ಕೂಡಲೇ ತಲೆಯನ್ನು ತೋಳುಗಳ ನಡುವೆ ಮುಂದಕ್ಕೆ ತನ್ನಿ. ಹಿಡಿಗಳು ಲಾಗ್‌ನ ಹೊಟ್ಟೆಯಲ್ಲಿರುವುದರಿಂದ ಅದರ ಅರ್ಧಭಾಗ ನಿಮ್ಮ ಮುಷ್ಟಿಗಿಂತ ಕೆಳಗಿರುತ್ತದೆ. ತಲೆ ಬೇಗ ಮುಂದೆ ಬಂದರೆ ಉಕ್ಕು ಹಣೆಗೆ ಬಡಿಯುತ್ತದೆ, ಬರಲೇ ಇಲ್ಲವಾದರೆ ಭಾರ ಪಾದದ ನಡುಭಾಗದ ಮೇಲೆ ನಿಲ್ಲುವುದಿಲ್ಲ. ಕಾಲಿನ ಶಕ್ತಿ ಹಣೆಯ ಮಟ್ಟದವರೆಗೆ ಒಯ್ಯುತ್ತದೆ, ಅಲ್ಲಿಂದಾಚೆ ಟ್ರೈಸೆಪ್ಸ್‌ನ ಪಾಳಿ. ಹೆಚ್ಚಿನ ಪ್ರಯತ್ನಗಳು ನಿಲ್ಲುವುದು ಈ ಹಸ್ತಾಂತರದ ಜಾಗದಲ್ಲಿ.

ಹಂತ 7: ಇಳಿಸುವುದು. ಎದೆಗೆ ಇಳಿಸುವಾಗ ಮಂಡಿ ಬಗ್ಗಿಸಿ ಹೊಡೆತ ತಗ್ಗಿಸಿ. ಆಮೇಲೆ ತೊಡೆ, ಆಮೇಲೆ ನೆಲ. ದಪ್ಪ ಮ್ಯಾಟ್ ಇದ್ದರೆ ಮೇಲಿನಿಂದಲೇ ಮುಂದಕ್ಕೆ ಬಿಡಬಹುದು. ಲಾಗನ್ನು ಹಿಡಿಯಲೆಂದು ಪಕ್ಕದಲ್ಲೋ ಹಿಂದೆಯೋ ಯಾರೂ ನಿಲ್ಲಬಾರದು. ಬೀಳುವ ಲಾಗನ್ನು ಹಿಡಿಯಹೋದವರ ಬೆರಳು, ಮುಂಗೈಗಳಿಗೇ ಪೆಟ್ಟು.

ಈ ಚಲನೆ ಎಲ್ಲಿಯವರೆಗೆ ಹೋಗಬಹುದು ಎಂಬ ಕುತೂಹಲ ಇದ್ದವರಿಗೆ ಒಂದು ಮಾತು: ಲಿಥುವೇನಿಯಾದ ಜಿದ್ರೂನಸ್ ಸವಿಕಸ್ 2015ರಲ್ಲಿ 228 ಕೆ.ಜಿ. ಲಾಗ್ ಎತ್ತಿದರು, ಬುರ್ಕಿನಾ ಫಾಸೊದ ಐರನ್ ಬಿಬಿ 2021ರಲ್ಲಿ ಗ್ಲಾಸ್ಗೊದಲ್ಲಿ 229 ಕೆ.ಜಿ. ಎತ್ತಿ ಅದನ್ನು ಮುರಿದರು. ಆ ಒಂದು ಕೆ.ಜಿ.ಗೆ ಆರು ವರ್ಷ ಬೇಕಾಯಿತು.

ಆಕ್ಸಲ್ ಎತ್ತುವ ಕ್ರಮ

ಇಲ್ಲಿ ದಾರಿ ಎರಡು. ತೂಕ ಹಗುರವಿದ್ದಾಗ ಎರಡೂ ಅಂಗೈಗಳನ್ನು ದೇಹದ ಕಡೆಗೆ ತಿರುಗಿಸಿ ಹಿಡಿದು ಒಂದೇ ಎಳೆತಕ್ಕೆ ಎದೆಗೆ ತರಬಹುದು. ಹಿಡಿತ ಎಷ್ಟು ತೂಕದವರೆಗೆ ತಡೆಯುತ್ತದೋ ಅಷ್ಟರವರೆಗೆ ಇದೇ ಉತ್ತಮ, ವೇಗವೂ ಹೆಚ್ಚು. ಅದರಾಚೆಗೆ ಕಾಂಟಿನೆಂಟಲ್ ಕ್ರಮ: ನೆಲದಿಂದ ಸೊಂಟಕ್ಕೆ ಕಟ್ಟಿದ ಅಗಲ ಬೆಲ್ಟ್‌ಗೆ, ಬೆಲ್ಟ್‌ನಿಂದ ಎದೆಗೆ, ಎರಡು ಕಂತುಗಳಲ್ಲಿ. ಬಾರ್ ಹೊಟ್ಟೆಗೆ ತಾಗಬಾರದೆಂಬ ವೇಟ್‌ಲಿಫ್ಟಿಂಗ್ ಶಿಸ್ತಿನಲ್ಲಿ ಬೆಳೆದವರಿಗೆ ಇದು ನೋಡಲು ಒರಟಾಗಿ ಕಾಣುತ್ತದೆ. ಒರಟೇ ಹೌದು. ಆದರೆ ಒಂದೊಂದು ಕಂತಿಗೂ ಅದರದೇ ನಾಜೂಕಿದೆ.

ಬೆಲ್ಟ್‌ನಿಂದ ಆರಂಭಿಸಿ. ಅದರ ಬಕಲ್ ಮುಂದಿದ್ದರೆ ಸರಳು ಅದಕ್ಕೆ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಪಕ್ಕಕ್ಕೋ ಹಿಂದಕ್ಕೋ ತಿರುಗಿಸಿ ಕಟ್ಟಿ. ಸರಳು ಕೂರುವುದು ಬೆಲ್ಟ್‌ನ ಮೇಲಂಚಿನಲ್ಲಿ. ಅದಕ್ಕಾಗಿ ಬೆಲ್ಟನ್ನು ಮಾಮೂಲಿಗಿಂತ ತುಸು ಮೇಲೆ ಕಟ್ಟುವವರೂ ಇದ್ದಾರೆ.

ಹಂತ 1: ಹಿಡಿತ. ಒಂದು ಅಂಗೈ ಒಳಮುಖ, ಇನ್ನೊಂದು ಹೊರಮುಖ. ಭುಜದಗಲಕ್ಕಿಂತ ತುಸು ಹೊರಗೆ. ಹೊರಮುಖವಾದ ಕೈಯ ಮೊಣಕೈ ಪೂರ್ತಿ ನೇರವಾಗಿರಬೇಕು, ಸರಳು ಬೆಲ್ಟ್ ತಲುಪುವವರೆಗೂ ಅದು ಬಗ್ಗಬಾರದು. ಆ ಸ್ಥಿತಿಯಲ್ಲಿ ಬಗ್ಗಿಸಿ ಎಳೆದರೆ ತೋಳಿನ ಮುಂಭಾಗದ ಬೈಸೆಪ್ಸ್ ಸ್ನಾಯುರಜ್ಜು ಹರಿಯುವ ಅಪಾಯವಿದೆ. ಸ್ಟ್ರಾಂಗ್‌ಮನ್ ಕ್ರೀಡೆಯಲ್ಲಿ ಇದು ಚಿರಪರಿಚಿತ ಗಾಯ, ಸರಿಪಡಿಸಲು ಹೆಚ್ಚಾಗಿ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಈ ಮಾರ್ಗದರ್ಶಿಯ ಉಳಿದ ಸಾಲುಗಳು ಮರೆತರೂ ಪರವಾಗಿಲ್ಲ, ಇದು ಮರೆಯದಿರಲಿ.

ಹಂತ 2: ಬೆಲ್ಟ್‌ಗೆ. ಡೆಡ್‌ಲಿಫ್ಟ್ ಮಾಡಿ ಪೂರ್ತಿ ನಿಲ್ಲಿ. ಈಗ ಮಂಡಿಗಳನ್ನು ತುಸು ಸಡಿಲಿಸಿ, ತೊಡೆಯಿಂದ ಸರಳನ್ನು ಮೇಲಕ್ಕೆ ನೂಕಿ, ಅದೇ ಕ್ಷಣಕ್ಕೆ ಸೊಂಟವನ್ನು ಅದರ ಕೆಳಗೆ ತನ್ನಿ. ತೋಳು ಇಲ್ಲಿ ಹಗ್ಗದಂತೆ ನೇತಾಡಬೇಕು, ಎಳೆಯಬಾರದು. ಹೆಗಲುಗಳನ್ನು ಕಿವಿಯ ಕಡೆಗೆ ಎತ್ತಿದರೆ ಉಳಿದ ಕೆಲವು ಸೆಂ.ಮೀ. ದಕ್ಕುತ್ತವೆ. ಸರಳು ಬೆಲ್ಟ್ ಮೇಲೆ ಕೂತ ಕೂಡಲೇ ಹಿಂದಕ್ಕೆ ಒರಗಿ, ಭಾರ ಹೊಟ್ಟೆಯ ಮೇಲೆ ನಿಲ್ಲಲಿ.

ಹಂತ 3: ಕೈ ಬದಲಾವಣೆ. ಭಾರ ಹೊಟ್ಟೆಯ ಮೇಲೆ ಸ್ಥಿರವಾದ ಮೇಲೆ ಹೊರಮುಖದ ಕೈಯನ್ನು ಬಿಡಿಸಿ, ಮೇಲಿನಿಂದ ಹಿಡಿಯುವಂತೆ ತಿರುಗಿಸಿ. ಗಡಿಬಿಡಿ ಬೇಡ. ಸ್ಪರ್ಧೆಯ ಗಡಿಯಾರ ಓಡುತ್ತಿದ್ದರೂ ಇಲ್ಲಿ ಕಳೆದ ಒಂದು ಕ್ಷಣ ನಷ್ಟವಲ್ಲ. ಸರಿಯಾಗಿ ಒರಗದೆ ಕೈಬಿಟ್ಟರೆ ಸರಳು ಒಂದು ಕಡೆಗೆ ವಾಲಿ ನೆಲಕ್ಕೆ ಬೀಳುತ್ತದೆ, ಮೊದಲಿನಿಂದ ಶುರು ಮಾಡಬೇಕು.

ಹಂತ 4: ಎದೆಗೆ. ಒರಗಿದ ಸ್ಥಿತಿಯಲ್ಲೇ ಮಂಡಿಯಿಂದ ಸ್ವಲ್ಪ ಇಳಿದು ಜೋರಾಗಿ ಏಳಿ. ಹೊಟ್ಟೆಯಿಂದ ಚಿಮ್ಮಿದ ಸರಳು ಎದೆಯ ಮೇಲೆ ಜಾರುತ್ತಾ ಏರುತ್ತದೆ. ಮೊಣಕೈಗಳನ್ನು ಅದರ ಕೆಳಗೆ ನುಗ್ಗಿಸಿ. ಒಂದೇ ಚಿಮ್ಮುವಿಕೆಗೆ ಭುಜದವರೆಗೆ ಬರದಿದ್ದರೆ ಎದೆಯ ನಡುವೆ ಹಿಡಿದು ಇನ್ನೊಮ್ಮೆ ಚಿಮ್ಮಿಸಬಹುದು, ನಿಯಮಗಳು ಸಾಮಾನ್ಯವಾಗಿ ಅದಕ್ಕೆ ಅಡ್ಡಿಯಾಗುವುದಿಲ್ಲ. ಕಾಲರ್‌ಗಳನ್ನು ಅಗತ್ಯಕ್ಕಿಂತ ಬಿಗಿಮಾಡದೆ ತಟ್ಟೆಗಳು ಸರಳಿನ ಮೇಲೆ ತುಸು ತಿರುಗುವಷ್ಟು ಸಡಿಲ ಉಳಿಸಿಕೊಂಡರೆ ಈ ಹಂತ ಹಗುರವಾಗುತ್ತದೆ. ತಟ್ಟೆಗಳು ಪಕ್ಕಕ್ಕೆ ಜಾರುವಷ್ಟು ಸಡಿಲ ಬೇಡ.

ಹಂತ 5: ಒತ್ತುವುದು. ಸರಳು ಭುಜದ ಮುಂಭಾಗದ ಮೇಲೆ ಕೂತ ನಂತರ ಕೈಗಳನ್ನು ಬೇಕಾದ ಅಗಲಕ್ಕೆ ಸರಿಸಿ. ಅನೇಕರು ಹೆಬ್ಬೆರಳನ್ನು ಸುತ್ತದೆ, ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟು ಒತ್ತುತ್ತಾರೆ. ಸರಳು ಅಂಗೈಯ ಬುಡದ ಮೇಲೆ ಕೂರಲು ಅದು ಅನುಕೂಲ, ಆದರೆ ಜಾರುವ ಅಪಾಯವೂ ಅದರಲ್ಲೇ ಇದೆ. ಹೊಸಬರು ಹೆಬ್ಬೆರಳು ಸುತ್ತಿಯೇ ಹಿಡಿಯಲಿ. ಆಮೇಲಿನದು ಲಾಗ್‌ನ ಹಂತ 5 ಮತ್ತು 6ರಂತೆಯೇ. ಸರಳು ತೆಳುವಾದ್ದರಿಂದ ಗದ್ದವನ್ನು ತುಸು ಒಳಗೆಳೆದುಕೊಂಡರೆ ಸಾಕು, ತಲೆಯನ್ನು ಅಷ್ಟು ಹಿಂದಕ್ಕೆ ಒಯ್ಯಬೇಕಿಲ್ಲ.

ನಿಮ್ಮ ಅಂತರವನ್ನು ಅಳೆಯಿರಿ

ಇಬ್ಬರು ಸ್ನೇಹಿತರು ಹೋಲಿಸಿ ನೋಡುವಾಗ ಒಬ್ಬರು ಲಾಗ್‌ನಲ್ಲಿ ಮುಂದು, ಇನ್ನೊಬ್ಬರು ಆಕ್ಸಲ್‌ನಲ್ಲಿ ಮುಂದು ಎನ್ನುವುದುಂಟು. ಅಂಥ ಹೋಲಿಕೆಯಿಂದ ತರಬೇತಿಗೆ ಏನೂ ಸಿಗುವುದಿಲ್ಲ. ಹೋಲಿಸಬೇಕಾದ್ದು ನಿಮ್ಮದೇ ನಾಲ್ಕು ಅಂಕಿಗಳನ್ನು: ಸ್ಟ್ಯಾಂಡ್‌ನಿಂದ ತೆಗೆದು ಒತ್ತಿದ ಲಾಗ್, ನೆಲದಿಂದ ಎತ್ತಿ ಒತ್ತಿದ ಲಾಗ್, ಸ್ಟ್ಯಾಂಡ್‌ನಿಂದ ಆಕ್ಸಲ್, ನೆಲದಿಂದ ಆಕ್ಸಲ್. ನಾಲ್ಕನ್ನೂ ಒಂದೇ ದಿನ ಪರೀಕ್ಷಿಸಬೇಡಿ, ಎರಡು ವಾರಗಳಲ್ಲಿ ಹರಡಿ. ತೀರಾ ಗರಿಷ್ಠವೂ ಬೇಡ, ಒಳ್ಳೆಯ ರೂಪದಲ್ಲಿ ಎರಡು ಬಾರಿ ಎತ್ತಬಲ್ಲ ತೂಕ ಸಾಕು.

ಉದಾಹರಣೆಗೆ ಒಬ್ಬರ ಅಂಕಿಗಳು ಹೀಗಿವೆ ಎನ್ನಿ: ಸ್ಟ್ಯಾಂಡ್‌ನಿಂದ ಲಾಗ್ 70 ಕೆ.ಜಿ., ನೆಲದಿಂದ 67. ಸ್ಟ್ಯಾಂಡ್‌ನಿಂದ ಆಕ್ಸಲ್ 78, ನೆಲದಿಂದ 60. ಲಾಗ್‌ನಲ್ಲಿ ಅಂತರ ಬರೀ 3 ಕೆ.ಜಿ. ಎಂದರೆ ಅವರಿಗೆ ಲಾಗನ್ನು ಎದೆಗೆ ತರುವುದು ಚೆನ್ನಾಗಿ ಗೊತ್ತು, ಮುಂದಿನ ಪ್ರಗತಿ ಒತ್ತುವ ಶಕ್ತಿಯಿಂದಲೇ ಬರಬೇಕು. ಆಕ್ಸಲ್‌ನ 18 ಕೆ.ಜಿ. ಅಂತರ ಬೇರೆ ಕಥೆ ಹೇಳುತ್ತದೆ: ಭುಜ ಸಿದ್ಧವಿದೆ, ಹಿಡಿತವೋ ಬೆಲ್ಟ್‌ನ ಹಂತವೋ ಸಿದ್ಧವಿಲ್ಲ. ಇಂಥವರು ಭುಜದ ವ್ಯಾಯಾಮ ಹೆಚ್ಚಿಸಿದರೆ ಸ್ಟ್ಯಾಂಡ್‌ನ ಅಂಕಿ ಏರುತ್ತದೆ, ನೆಲದ ಅಂಕಿ ಅಲ್ಲೇ ನಿಲ್ಲುತ್ತದೆ. ಸ್ಪರ್ಧೆಯಲ್ಲಿ ಎಣಿಕೆಗೆ ಬರುವುದು ನೆಲದ್ದು.

ಇನ್ನೊಂದು ಹೋಲಿಕೆ ಸ್ಟ್ಯಾಂಡ್‌ನ ಎರಡು ಅಂಕಿಗಳ ನಡುವಿನದು. ಲಾಗ್ ಆಕ್ಸಲ್‌ಗಿಂತ ತುಸು ಕಡಿಮೆ ಬರುವುದು ಸಹಜ. ಬಹಳ ಕಡಿಮೆ ಬಂದರೆ ತೋಳನ್ನು ದೂರುವ ಮೊದಲು ಬೆನ್ನಿನ ಮೇಲ್ಭಾಗವನ್ನು ನೋಡಿ. ಅದು ಕುಸಿಯುವುದರಿಂದಲೇ ಲಾಗ್ ಮುಂದಕ್ಕೆ ಓಡುತ್ತಿರುತ್ತದೆ. ಪಕ್ಕದಿಂದ ಮೊಬೈಲ್‌ನಲ್ಲಿ ಚಿತ್ರೀಕರಿಸಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ.

ಎಂಟು ವಾರಗಳ ಕ್ರಮ

ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ ಎರಡು ದಿನದ ಬಿಡುವು. ಮೊದಲ ದಿನ ಲಾಗ್, ಎರಡನೆಯ ದಿನ ಆಕ್ಸಲ್. ಡೆಡ್‌ಲಿಫ್ಟ್ ದಿನವನ್ನು ಆಕ್ಸಲ್ ದಿನದ ಹಿಂದಿನ ದಿನ ಇಟ್ಟುಕೊಳ್ಳಬೇಡಿ, ಹಿಡಿತ ಸತ್ತುಹೋಗಿರುತ್ತದೆ.

1ರಿಂದ 3ನೇ ವಾರ: ಲಾಗನ್ನು ಪ್ರತಿ ಸೆಟ್‌ನಲ್ಲಿ ಒಮ್ಮೆ ಎದೆಗೆ ತಂದು ಮೂರು ಬಾರಿ ಒತ್ತಿ, ಹೀಗೆ ಐದು ಸೆಟ್. ಪ್ರತಿ ಸೆಟ್ ಮುಗಿದಾಗ ಇನ್ನೂ ಎರಡು ಮೂರು ಬಾರಿ ಆಗುತ್ತಿತ್ತು ಎನಿಸಬೇಕು. ಆಕ್ಸಲನ್ನು ಸ್ಟ್ಯಾಂಡ್‌ನಿಂದ ತೆಗೆದು, ಕಾಲಿನ ನೆರವಿಲ್ಲದೆ, ನಾಲ್ಕು ಸೆಟ್ ಐದೈದು ಬಾರಿ. ಕೊನೆಗೆ ಖಾಲಿ ಅಥವಾ ತೀರಾ ಹಗುರ ಆಕ್ಸಲ್‌ನಲ್ಲಿ ಬೆಲ್ಟ್‌ನ ಹಂತದ ಅಭ್ಯಾಸ. ಬೇಸರದ ಕೆಲಸ, ಬಿಡುವಂತಿಲ್ಲ.

4ರಿಂದ 6ನೇ ವಾರ: ಲಾಗನ್ನು ಪ್ರತಿ ಬಾರಿಯೂ ನೆಲದಿಂದ ಎತ್ತಿ, ಆರು ಸೆಟ್ ಎರಡೆರಡು ಬಾರಿ. ಆಕ್ಸಲ್ ದಿನ ಮೊದಲು ಕಾಂಟಿನೆಂಟಲ್ ಮಾತ್ರ, ಒತ್ತುವುದು ಬೇಡ: ಒಂದೊಂದೇ ಬಾರಿ, ಆರರಿಂದ ಎಂಟು ಸೆಟ್. ಒತ್ತಬೇಕೆಂಬ ಆತುರ ಇಲ್ಲದಾಗ ಪ್ರತಿ ಹಂತದ ಮೇಲೂ ಗಮನ ನಿಲ್ಲುತ್ತದೆ. ಆಮೇಲೆ ಸ್ಟ್ಯಾಂಡ್‌ನಿಂದ ಕಾಲಿನ ನೆರವಿನೊಂದಿಗೆ ನಾಲ್ಕು ಸೆಟ್ ಮೂರು ಬಾರಿ. ವಾರಕ್ಕೆ 2ರಿಂದ 2.5 ಕೆ.ಜಿ.ಗಿಂತ ಹೆಚ್ಚು ಏರಿಸಬೇಡಿ.

7ನೇ ವಾರ ಎರಡನ್ನೂ ನೆಲದಿಂದ, ಒಂದೊಂದೇ ಬಾರಿ, ಭಾರವಾಗಿ, ಆದರೆ ತಪ್ಪದ ತೂಕದಲ್ಲಿ. 8ನೇ ವಾರದ ಮೊದಲ ದಿನ ಅರ್ಧ ತೂಕಕ್ಕೆ ಇಳಿದು, ವಾರದ ಕೊನೆಗೆ ನೆಲದ ಎರಡು ಅಂಕಿಗಳನ್ನು ಮತ್ತೆ ಅಳೆಯಿರಿ. ಸ್ಟ್ಯಾಂಡ್‌ನ ಅಂಕಿಗಳನ್ನು ಮುಂದಿನ ವಾರಕ್ಕೆ ಬಿಡಿ.

ಪೂರಕ ವ್ಯಾಯಾಮಗಳನ್ನು ಅಂತರ ನೋಡಿ ಆರಿಸಿ. ಲಾಗ್ ಹಣೆಯ ಮಟ್ಟದಲ್ಲಿ ನಿಂತರೆ ಟ್ರೈಸೆಪ್ಸ್‌ಗೆ ಕೈಗಳನ್ನು ಹತ್ತಿರವಿಟ್ಟ ಬೆಂಚ್ ಪ್ರೆಸ್. ಎದೆ ಬಿಡುವಾಗಲೇ ನಿಂತರೆ ಫ್ರಂಟ್ ಸ್ಕ್ವಾಟ್, ಮತ್ತು ಇಳಿದು ಏಳುವ ಅಭ್ಯಾಸ. ಆಕ್ಸಲ್ ಬೆರಳಿನಿಂದ ಜಾರಿದರೆ ಎರಡೂ ಕೈ ಒಳಮುಖವಾಗಿಟ್ಟು ಆಕ್ಸಲ್ ಡೆಡ್‌ಲಿಫ್ಟ್ ಮಾಡಿ ಮೇಲೆ ಹತ್ತು ಸೆಕೆಂಡ್ ನಿಲ್ಲುವುದು. ಇದಕ್ಕೆ ಸ್ಟ್ರ್ಯಾಪ್ (ಮಣಿಕಟ್ಟಿನಿಂದ ಸರಳಿಗೆ ಸುತ್ತುವ ಪಟ್ಟಿ) ಬೇಡ, ಸ್ಟ್ರ್ಯಾಪ್ ಹಾಕಿದರೆ ಅಭ್ಯಾಸದ ಉದ್ದೇಶವೇ ಹೋಯಿತು.

ಉಪಕರಣ ಇಲ್ಲದಿದ್ದರೆ

ಲಾಗ್‌ಗೆ ಪೂರ್ತಿ ಸಾಟಿಯಾದದ್ದು ಇಲ್ಲ. ಅಂಗೈಗಳನ್ನು ಎದುರುಬದುರಾಗಿಟ್ಟು ಡಂಬೆಲ್ ಒತ್ತಿದರೆ ಹಿಡಿತ ಸಿಗುತ್ತದೆ, ಮುಂದಕ್ಕೆಳೆಯುವ ಭಾರ ಸಿಗುವುದಿಲ್ಲ. ಆ ಪಾಲನ್ನು ಮರಳುಚೀಲ ತುಂಬುತ್ತದೆ: ನೆಲದಿಂದ ತೊಡೆಗೆ, ತೊಡೆಯಿಂದ ಎದೆಗೆ ಉರುಳಿಸುವ ಅಭ್ಯಾಸ ಅದರಲ್ಲಿ ಚೆನ್ನಾಗಿ ಆಗುತ್ತದೆ. ಆಕ್ಸಲ್‌ಗೆ ಬದಲಿ ಸುಲಭ. ಬಾರ್‌ಗೆ ತೊಡಿಸುವ ದಪ್ಪ ರಬ್ಬರ್ ಹಿಡಿಗಳು ಎಳೆತದ ಕಷ್ಟವನ್ನು ಮುಕ್ಕಾಲು ಪಾಲು ತರುತ್ತವೆ. ಅವನ್ನು ತೊಡಿಸಿ ತಲೆಯ ಮೇಲಕ್ಕೆ ಒತ್ತುವಾಗ ಮಾತ್ರ ಹುಷಾರು, ರಬ್ಬರ್ ಸರಳಿನ ಮೇಲೆ ತಿರುಗಬಹುದು.

ಸ್ಪರ್ಧೆಗೆ ಹೆಸರು ಕೊಟ್ಟವರು ಒಂದು ನಿಯಮವನ್ನು ಮುಂಚೆಯೇ ಕೇಳಿ ತಿಳಿದುಕೊಳ್ಳಬೇಕು: ಒಮ್ಮೆ ಎದೆಗೆ ತಂದು ಎಷ್ಟು ಬಾರಿ ಬೇಕಾದರೂ ಒತ್ತಬಹುದೇ, ಅಥವಾ ಪ್ರತಿ ಬಾರಿಯೂ ನೆಲದಿಂದ ಎತ್ತಬೇಕೇ? ಮೊದಲನೆಯದಾದರೆ ಆಕ್ಸಲ್‌ನ ದೊಡ್ಡ ಕಷ್ಟ ಒಂದೇ ಸಲಕ್ಕೆ ಮುಗಿಯುತ್ತದೆ, ಕೊನೆಯ ಮೂರು ವಾರ ಸ್ಟ್ಯಾಂಡ್‌ನಿಂದ ಹೆಚ್ಚು ಬಾರಿ ಒತ್ತುವುದರ ಮೇಲೆ ಕಳೆಯಬಹುದು. ಎರಡನೆಯದಾದರೆ 60 ಸೆಕೆಂಡ್‌ಗಳ ಸುತ್ತಿನಲ್ಲಿ ಕಾಂಟಿನೆಂಟಲ್ ಮಾಡುತ್ತಾ ಮುಂಗೈ ಸೋತುಹೋಗುತ್ತದೆ. ಆಗ ಗಡಿಯಾರ ಇಟ್ಟುಕೊಂಡು, ಸ್ಪರ್ಧೆಯ ತೂಕದ ಮುಕ್ಕಾಲು ಪಾಲಿನಲ್ಲಿ, ನೆಲದಿಂದಲೇ ಅಭ್ಯಾಸ ಮಾಡಿ. ಲಾಗ್‌ನ ವ್ಯಾಸ ಎಷ್ಟೆಂದೂ ಆಗಲೇ ವಿಚಾರಿಸಿ. 25 ಸೆಂ.ಮೀ. ಲಾಗ್‌ನಲ್ಲಿ ಪಳಗಿದವರಿಗೆ 32 ಸೆಂ.ಮೀ. ಲಾಗ್ ಕಣದಲ್ಲಿ ಮೊದಲ ಬಾರಿಗೆ ಎದುರಾಗುವುದು ಒಳ್ಳೆಯದಲ್ಲ.